ಅಂಗಿ ಉಜ್ಜಿದಂತೆ ಮುಖ ಉಜ್ಜಬೇಡಿ!

ಸಿರುಗುಪ್ಪದಿಂದ ಬೆಳಗಿನ ಬಸ್ಸಿಗೆ ಬಿಳಿ ಅಂಗಿ ತೊಟ್ಟು ಹೊರಟವರು ಬಳ್ಳಾರಿಯಲ್ಲಿ ಇಳಿದ ಮೇಲೆ ಕಾಲರ್ ಪಟ್ಟಿ ಒಮ್ಮೆ ತಿರುವಿ ನೋಡಲಿ. ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರಂತೂ ಕೇಳುವುದೇ ಬೇಡ. ಪಟ್ಟಿಯ ಒಳಗೆ ಕೂತ ಕಂದು ಗೆರೆಯೇ ಕತ್ತಿನ ಮೇಲೂ ಕೂತಿರುತ್ತದೆ. ಅಂಗಿಯನ್ನು ಕಲ್ಲಿಗೆ ಬಡಿದು ಬೆಳ್ಳಗೆ ಮಾಡಬಹುದು. ಕತ್ತಿನ ಗತಿ ಏನು?

"ಧೂಳಿಲ್ಲದ ಬಳ್ಳಾರಿ ಎಲ್ಲೈತಿ ಬಿಡ್ರಿ" ಎಂದು ನಕ್ಕು ಸುಮ್ಮನಾಗುವುದು ಈ ಊರಿನ ರೂಢಿ. ಗಣಿಯ ಸುಗ್ಗಿಕಾಲದಲ್ಲಿ, ಅಂದರೆ 2000ದ ನಂತರದ ಹತ್ತು ವರ್ಷ, ಸಂಡೂರು ಸೀಮೆಯ ಅದಿರು ಲಾರಿಗಳ ದೆಸೆಯಿಂದ ರಸ್ತೆಬದಿಯ ಮರದ ಎಲೆಗಳೂ ಕೆಂಪಗಾಗಿದ್ದುದನ್ನು ಮರೆತವರಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಷರತ್ತಿನ ಮೇಲೆ ಗಣಿ ಮತ್ತೆ ಶುರುವಾಯಿತು, ಮೊದಲಿನ ಹುಚ್ಚು ಓಟ ಇಲ್ಲ ಅಷ್ಟೆ. ಆದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇದೆ, ಸ್ಪಾಂಜ್ ಐರನ್ ಘಟಕಗಳಿವೆ, ಕುಡತಿನಿ ಬಳಿ 1,700 ಮೆಗಾವ್ಯಾಟ್‌ನ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಜತೆಗೆ ಡೀಸೆಲ್ ಹೊಗೆ, ಅಗೆದು ಹಾಗೇ ಬಿಟ್ಟ ರಸ್ತೆ, ಮೇಲೆ ಬಳ್ಳಾರಿ ಬಿಸಿಲು. ಇಷ್ಟನ್ನೂ ಮೊದಲು ತಡೆಯುವುದು ಮನುಷ್ಯನ ತೊಗಲು.

ತೊಗಲಿನ ಮೇಲ್ಪದರವನ್ನು ಒಂದು ಗೋಡೆ ಅನ್ನಿ. ಒಣಗಿದ ಜೀವಕೋಶಗಳೇ ಇಟ್ಟಿಗೆ, ನಡುವಿನ ಜಿಡ್ಡೇ ಗಾರೆ. ಗೋಡೆ ಗಟ್ಟಿಯಿದ್ದರೆ ಕೆಂಪು ಧೂಳು ಮೇಲೇ ಕೂತು ನೀರಿಗೆ ಹೋಗುತ್ತದೆ. ಕಣ್ಣಿಗೆ ಕಾಣುವ ಈ ಧೂಳಿಗಿಂತ ಕಾಣದ ಹೊಗೆಮಸಿಯೇ ಹೆಚ್ಚು ಕೇಡಿಗ. ಅದರ ಕಣ ಕೂದಲೆಳೆಯ ದಪ್ಪದಲ್ಲಿ ಮೂವತ್ತರ ಒಂದು ಪಾಲೂ ಇರುವುದಿಲ್ಲ. ಅದಕ್ಕೆ ಅಂಟಿಕೊಂಡು ಬರುವ ರಾಸಾಯನಿಕಗಳು ಜಿಡ್ಡಿನಲ್ಲಿ ಕರಗಿ ಒಳಗಿಳಿಯುತ್ತವೆ. ಜರ್ಮನಿಯಲ್ಲೂ ಕಲ್ಲಿದ್ದಲು-ಉಕ್ಕಿನ ಸೀಮೆಯೊಂದಿದೆ, ರೂರ್ ಅಂತ. ಅಲ್ಲಿನ ಮತ್ತು ಪಕ್ಕದ ಹಳ್ಳಿಗಾಡಿನ 400 ವಯಸ್ಸಾದ ಹೆಂಗಸರನ್ನು ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಹೊಗೆಮಸಿ, ವಾಹನಗಳ ಕಣ ಹೆಚ್ಚಿದ್ದ ಕಡೆ ಹಣೆ-ಕೆನ್ನೆಯ ಕಪ್ಪು ಮಚ್ಚೆಗಳು ಸುಮಾರು ಶೇಕಡಾ 20ರಷ್ಟು ಹೆಚ್ಚಿದ್ದವು. ಬಿಳಿ ತೊಗಲಿನವರ ಲೆಕ್ಕ ಅದು. ಆದರೂ ಬಳ್ಳಾರಿಯವರು ಕಿವಿಗೆ ಹಾಕಿಕೊಳ್ಳಬೇಕಾದ ಲೆಕ್ಕವೇ.

ಇನ್ನು ಊರಿಗೊಂದು ಧೂಳು, ಧೂಳಿಗೊಂದು ಗುಣ. ಸಿರುಗುಪ್ಪ ಅಕ್ಕಿ ಗಿರಣಿಗಳ ಊರು. ಭತ್ತದ ಹೊಟ್ಟಿನ ಮೇಲೆ ಕಣ್ಣಿಗೆ ಕಾಣದ ಸುಂಕು ಇರುತ್ತದೆ, ಗಾಜಿನ ಪುಡಿಯಂತೆ ಚೂಪು. ಬೆವರಿದ ಮೈಗೆ ಅಂಟಿದಾಗ ತುರಿಸಿದಷ್ಟೂ ಒಳಗೆ ಚುಚ್ಚುತ್ತದೆ. ಹಮಾಲರು ಮೈಯುಜ್ಜುವ ಮೊದಲು ಎರಡು ಚೊಂಬು ತಣ್ಣೀರು ಹಾಗೇ ಸುರಿದುಕೊಳ್ಳಬೇಕು. ಸೋಪು ಆಮೇಲೆ.

ಕುರುಗೋಡು ಕಡೆಯ ಎರೆಹೊಲದಲ್ಲಿ ಮೆಣಸಿನಕಾಯಿ. ಹಣ್ಣು ಬಿಡಿಸುವವರು, ಚೀಲ ತುಂಬುವವರು, ಬಳ್ಳಾರಿಗೆ ತಂದು ಮಾರುವವರು ಎಲ್ಲರಿಗೂ ಗೊತ್ತಿರುವ ಉರಿ ಅದು. ಖಾರದ ಅಂಶ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಮೊದಲು ಕೈಗೆ ಅಡುಗೆ ಎಣ್ಣೆ ಸವರಿ ಒರೆಸಿ, ನಂತರ ಸೋಪು ಹಚ್ಚಿ ತೊಳೆದರೆ ರಾತ್ರಿ ನಿದ್ದೆ ಬರುತ್ತದೆ. ಬರೀ ನೀರಿನಲ್ಲಿ ತೊಳೆದ ಕೈಯಿಂದ ಕಣ್ಣು ಒರೆಸಿಕೊಂಡವರ ಪಾಡು ಹೇಳುವಂಥದ್ದಲ್ಲ.

ಜನ ಮಾಡುವುದು ಇದರ ಉಲ್ಟಾ. ಸಂಜೆ ಮನೆಗೆ ಬಂದವರು ಬಟ್ಟೆ ಸೋಪನ್ನೇ ಮುಖಕ್ಕೆ ಹಚ್ಚಿ, ನಾರು ಹಾಕಿ, ಕಪ್ಪು ಹೋಗಲಿ ಎಂದು ಗಸಗಸ ಉಜ್ಜುತ್ತಾರೆ. ಬಟ್ಟೆ ಸೋಪು ಖಾರ, ತೊಗಲು ಸ್ವಭಾವತಃ ಕೊಂಚ ಹುಳಿ. ಗಾರೆ ಕಿತ್ತು ಗೋಡೆ ತೊಳೆದಂತಾಯಿತು! ನಾಳೆಯ ಮಸಿಗೆ ಬಾಗಿಲು ತೆರೆದಿಟ್ಟಂತೆ. ಇನ್ನು ಕೆಲವರು ನಿಂಬೆಹೋಳು ತಿಕ್ಕಿ ಬಿಸಿಲಿಗೆ ಹೊರಡುತ್ತಾರೆ. ಅಂಜೂರದ ಹಾಲು ತಾಗಿದ ಕೈಗೆ ಬಿಸಿಲು ಬಿದ್ದರೆ ಬೊಬ್ಬೆ ಏಳುವುದುಂಟು. ನಿಂಬೆಯೂ ಅದೇ ಜಾತಿಯ ಕೆಲಸ ಮಾಡುತ್ತದೆ, ಮಚ್ಚೆ ತಿಂಗಳುಗಟ್ಟಲೆ ಉಳಿಯುತ್ತದೆ. ಎಣ್ಣೆ ಬಳಿದುಕೊಂಡು ರಸ್ತೆಗೆ ಇಳಿಯುವುದೂ ಅಷ್ಟೆ, ಧೂಳಿಗೆ ಅಂಟು ಹಚ್ಚಿ ಕರೆದಂತೆ. ಕೊಬ್ಬರಿ ಎಣ್ಣೆಗೆ ಹೊತ್ತು ಸ್ನಾನದ ನಂತರ, ಮೈ ಇನ್ನೂ ಹಸಿ ಇರುವಾಗ, ಅದೂ ನಾಲ್ಕು ಹನಿ. ಮೊಡವೆ ಮುಖದವರಿಗೆ ಅದೂ ಬೇಡ.

ಇದಕ್ಕೂ ಬಗ್ಗದಿದ್ದಾಗ ಶುರುವಾಗುತ್ತದೆ ಟ್ಯೂಬಿನ ಪುರಾಣ. "ಮುಖ ಕಪ್ಪಾಗೇತಿ, ಏನರ ಕೊಡ್ರಿ" ಎಂದು ಕೇಳಿದವರ ಕೈಗೆ ಅಂಗಡಿಯಿಂದ ಬರುವ ಕೆಲವು ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಹದಿನೈದು ದಿನ ಮುಖ ಬೆಳ್ಳಗೆ, ನುಣ್ಣಗೆ. ಮದುವೆ ಮನೆಯಲ್ಲಿ ಹೊಗಳಿಕೆ. ನಿಲ್ಲಿಸಿದರೆ ಉರಿ, ಕೆಂಪು, ಮೊಡವೆ. ಹಾಗಾಗಿ ಮತ್ತೆ ಟ್ಯೂಬು. ವರ್ಷ ಕಳೆಯುವಷ್ಟರಲ್ಲಿ ತೊಗಲು ತೆಳ್ಳಗಾಗಿ ಒಳಗಿನ ರಕ್ತನಾಳ ಎದ್ದು ಕಾಣುತ್ತವೆ, ಹೆಂಗಸರ ಗಲ್ಲದ ಮೇಲೂ ರೋಮ ಮೂಡುತ್ತದೆ. ಧೂಳು ಹತ್ತು ವರ್ಷದಲ್ಲಿ ಮಾಡದ ಕೇಡನ್ನು ಈ ಟ್ಯೂಬು ಒಂದೇ ವರ್ಷದಲ್ಲಿ ಮಾಡಿಬಿಡುತ್ತದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ಆದೇಶ ಹೊರಡಿಸಿತು. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರು ಕಂಡರೆ, ಚೀಟಿ ಇಲ್ಲದಿದ್ದರೆ, ವಾಪಸು ಕೊಡುವುದೇ ಲೇಸು. ಈಗಾಗಲೇ ಬಹಳ ದಿನ ಹಚ್ಚಿದವರು ಮಾತ್ರ ತಾವಾಗಿ ಥಟ್ಟನೆ ಬಿಡದೆ ಚರ್ಮದ ಡಾಕ್ಟರನ್ನು ಕೇಳಬೇಕು. ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಎರಡು ವಾರ ಮೀರಿದ ತುರಿಕೆಗೂ ಅಲ್ಲಿಯದೇ ದಾರಿ.

ತಮಾಷೆಯೆಂದರೆ, ಪೇಟೆಯಲ್ಲಿ ದುಬಾರಿ ಬೆಲೆಗೆ ಸಿಗುವ ಮೈಬಣ್ಣದ ಬಿಸಿಲು ಕ್ರೀಮುಗಳಿಗೆ ಬೆರೆಸುವುದೂ ಕಬ್ಬಿಣದ ಆಕ್ಸೈಡನ್ನೇ, ಶುದ್ಧ ಮಾಡಿ. ಹಾಗಂತ ಲಾರಿ ಎರಚಿದ ಕೆಂಪು ಧೂಳು ಕ್ರೀಮಾಗಲಿಲ್ಲ, ಅದರಲ್ಲಿ ಮಣ್ಣು-ಮರಳೂ ಉಂಟು.

ಖರ್ಚಿಲ್ಲದ ಉಪಾಯ ಹಳೆಯದೇ. ತೆಳು ಹತ್ತಿ ಟವಲ್ಲು ತಲೆ-ಕತ್ತಿಗೆ ಸುತ್ತಿಕೊಳ್ಳುವುದು, ತುಂಬು ತೋಳಿನ ಅಂಗಿ. ಆದರೆ ಆ ಟವಲ್ಲು ದಿನಾ ಒಗೆಯಬೇಕು. ನಿನ್ನೆಯ ಧೂಳನ್ನು ಇವತ್ತಿನ ಮುಖಕ್ಕೆ ಒರೆಸಿಕೊಂಡರೆ ಟವಲ್ಲು ಯಾಕೆ? ಅಂಗಡಿಯವರು ಬೆಳಿಗ್ಗೆ ಒಣ ಪೊರಕೆ ಆಡಿಸುವ ಮುನ್ನ ಬಾಗಿಲ ಮುಂದೆ ಒಂದು ಬಿಂದಿಗೆ ನೀರು ಚಿಮುಕಿಸಿದರೆ ಗಿರಾಕಿಯ ಕಣ್ಣೂ ಉಳಿಯುತ್ತದೆ, ಗಲ್ಲಾಪೆಟ್ಟಿಗೆ ಹಿಂದೆ ಕೂತವರ ಮುಖವೂ.

ಒಬ್ಬೊಬ್ಬರ ಟವಲ್ಲಿನಿಂದ ಊರ ಗಾಳಿ ಶುದ್ಧವಾಗದು. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಪಟ್ಟಿಗೆ ಸೇರಿದವು. ಅದಿರಿನ ಊರಾದ ಬಳ್ಳಾರಿ ಆ ಪಟ್ಟಿಯಲ್ಲಿ ಇರಲಿಲ್ಲ! ಲಾರಿಗೆ ತಾಡಪಾಲು ಬಿಗಿಸುವುದಕ್ಕೆ, ಅಗೆದ ರಸ್ತೆಗೆ ನೀರು ಹೊಡೆಸುವುದಕ್ಕೆ ದಿಲ್ಲಿಯ ಪಟ್ಟಿ ಏನೂ ಬೇಕಿಲ್ಲ.

ದುಡಿಯುವವರು ಕೈಕಾಲು ತೊಳೆಯಲು ನೀರಿನ ತಕ್ಕ ಏರ್ಪಾಡು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 42ನೇ ಕಲಮಿನಲ್ಲೇ ಬರೆದಿತ್ತು. ಗಿರಣಿ, ಮಂಡಿಗಳ ಮಾಲೀಕರು ಹಿತ್ತಲಲ್ಲಿ ಒಂದು ನಲ್ಲಿ, ಒಂದು ತೊಟ್ಟಿ, ಒಂದು ಮೈಸೋಪು ಇಡಿಸಲಿ. ಹೊಟ್ಟಿನ ಸುಂಕು, ಮೆಣಸಿನಕಾಯಿ ಖಾರ ಹಮಾಲರ ಮೈಯಿಂದ ಅಲ್ಲೇ ಇಳಿಯುತ್ತದೆ, ಅವರ ಮನೆಯ ಮಕ್ಕಳ ಹಾಸಿಗೆವರೆಗೆ ಹೋಗುವುದಿಲ್ಲ.