ಮುಖವೇ ಗುರುತಿನ ಚೀಟಿಯಾದ ಬಗೆ

ಲಂಡನ್ನಿನಲ್ಲೋ ಸಿಂಗಪುರದಲ್ಲೋ ಬೀಳ್ಕೊಡಲು ಬಂದವರು ಚೆಕ್-ಇನ್ ಕೌಂಟರಿನವರೆಗೂ ಹೋಗಿ ಕೈಬೀಸಿ ಬರಬಹುದು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಪ್ಪ ಅಮ್ಮ ಸಾಮಾನ್ಯವಾಗಿ ಹೊರಬಾಗಿಲಲ್ಲೇ ನಿಲ್ಲಬೇಕು. ಅಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ (ಸಿಐಎಸ್‌ಎಫ್) ಸಿಬ್ಬಂದಿ ಟಿಕೆಟ್ ನೋಡಿ, ಆಧಾರ್ ಕಾರ್ಡ್ ನೋಡಿ, ಕತ್ತೆತ್ತಿ ಮುಖ ನೋಡಿ ಒಳಗೆ ಬಿಡುತ್ತಾರೆ. ಡಿಜಿಯಾತ್ರಾ ಎಂಬ ಮುಖ ಗುರುತಿಸುವ ವ್ಯವಸ್ಥೆ ಬಂದು ಕೂತದ್ದು ಇದೇ ಬಾಗಿಲಲ್ಲಿ. ಅದರ ಬೇರು ಇರುವುದೂ ಇಲ್ಲಿನ ಸರದಿಯಲ್ಲೇ.

1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ-814 ವಿಮಾನ ಅಪಹರಣವಾಗಿ ಕಂದಹಾರಕ್ಕೆ ಹೋಯಿತು. ಅಲ್ಲಿಯತನಕ ನಿಲ್ದಾಣಗಳ ಕಾವಲು ಆಯಾ ರಾಜ್ಯದ ಪೊಲೀಸರದ್ದಾಗಿತ್ತು. 2000ದ ಫೆಬ್ರುವರಿಯಲ್ಲಿ ಜೈಪುರದಿಂದ ಆರಂಭಿಸಿ ಅದನ್ನು ಹಂತಹಂತವಾಗಿ ಸಿಐಎಸ್‌ಎಫ್‌ಗೆ ಒಪ್ಪಿಸಲಾಯಿತು. ಮೂರೇ ವರ್ಷಕ್ಕೆ ಕ್ಯಾಪ್ಟನ್ ಗೋಪಿನಾಥರ ಅಗ್ಗದ ದರದ ಏರ್ ಡೆಕ್ಕನ್ ಬೆಂಗಳೂರಿನಿಂದ ಹಾರಿತು. ರೈಲಿನವರು ವಿಮಾನ ಹತ್ತಿದರು. ತಪಾಸಣೆ ಬಿಗಿಯಾಯಿತು, ಜನ ಹೆಚ್ಚಿದರು, ಬಾಗಿಲು ಅಷ್ಟೇ ಉಳಿಯಿತು. ಬೆಳಗಿನ ಜಾವದ ವಿಮಾನಕ್ಕೆ ಹೊರಟವರಿಗೆ ಆ ಸಾಲಿನ ಉದ್ದ ಚೆನ್ನಾಗಿ ಗೊತ್ತು.

ಸಾಲು ಕರಗಿಸುವ ಉಪಾಯವಾಗಿ ಕೇಂದ್ರ ವಿಮಾನಯಾನ ಸಚಿವಾಲಯ 2017ರಲ್ಲಿ ಡಿಜಿಯಾತ್ರಾ ಯೋಜನೆಯನ್ನು ಪ್ರಕಟಿಸಿತು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ತೀರ್ಪಿಗೆ ಕಾರಣವಾದ ಅರ್ಜಿಯನ್ನು ಆಧಾರ್ ವಿರುದ್ಧ 2012ರಲ್ಲಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನಕ್ಕೆ ಕೈಹಾಕುವ ಸರ್ಕಾರ ಮೊದಲು ಕಾನೂನಿನ ಬಲ ತೋರಿಸಬೇಕು ಎಂಬುದು ತೀರ್ಪಿನ ತಿರುಳು. ಡಿಜಿಯಾತ್ರಾಕ್ಕೆ ಸಿಕ್ಕಿದ್ದು ಮಾತ್ರ 2018ರ ಒಂದು ನೀತಿ ದಾಖಲೆ. ಸಂಸತ್ತು ಇದಕ್ಕೆಂದೇ ಯಾವ ಕಾಯ್ದೆಯನ್ನೂ ಮಾಡಲಿಲ್ಲ.

ಬೆಂಗಳೂರು ಈ ವಿಷಯದಲ್ಲಿ ಮುಂಚೂಣಿಯಲ್ಲಿತ್ತು. 2018ರಲ್ಲೇ ಇಲ್ಲಿನ ನಿಲ್ದಾಣ ಪೋರ್ಚುಗಲ್‌ನ ವಿಷನ್-ಬಾಕ್ಸ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು, ಮರುವರ್ಷ ಪ್ರಯೋಗ ನಡೆಯಿತು. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಸೇವೆ ಅಧಿಕೃತವಾಗಿ ಆರಂಭವಾಯಿತು. 2024ರ ಸೆಪ್ಟೆಂಬರ್ ಹೊತ್ತಿಗೆ ನಿಲ್ದಾಣಗಳ ಸಂಖ್ಯೆ 24 ಮುಟ್ಟಿತು.

ಬಳಕೆ ಸುಲಭ. ಮೊಬೈಲಿನಲ್ಲಿ ಆ್ಯಪ್ ಹಾಕಿ, ಆಧಾರ್ ಜೋಡಿಸಿ, ಸೆಲ್ಫಿ ತೆಗೆದು, ಬೋರ್ಡಿಂಗ್ ಪಾಸ್ ಸೇರಿಸಿ ಹೊರಡುವ ನಿಲ್ದಾಣಕ್ಕೆ ಕಳಿಸಿದರಾಯಿತು. ಬಾಗಿಲಲ್ಲಿ ಪಾಸ್ ತೋರಿಸಿ ಕ್ಯಾಮೆರಾ ಎದುರು ನಿಂತರೆ ಗೇಟು ತೆರೆಯುತ್ತದೆ. ಮಾಹಿತಿ ಪ್ರಯಾಣಿಕರ ಫೋನಿನಲ್ಲೇ ಇರುತ್ತದೆ, ನಿಲ್ದಾಣಕ್ಕೆ ಹೋದದ್ದು ವಿಮಾನ ಹೊರಟ 24 ಗಂಟೆಯೊಳಗೆ ಅಳಿಸಿಹೋಗುತ್ತದೆ ಎಂದು ಸರ್ಕಾರ ಮತ್ತೆ ಮತ್ತೆ ಭರವಸೆ ಕೊಟ್ಟಿದೆ. ವಿನ್ಯಾಸ ನಿಜಕ್ಕೂ ಒಳ್ಳೆಯದೇ. ಯುರೋಪಿನ ದತ್ತಾಂಶ ಸಂರಕ್ಷಣಾ ಮಂಡಳಿ ಕೂಡ 2024ರಲ್ಲಿ ಹೀಗೇ ಹೇಳಿತು: ಮುಖದ ಮಾಹಿತಿಯಾಗಲಿ, ಅದನ್ನು ತೆರೆಯುವ ಕೀಲಿಯಾಗಲಿ ಪ್ರಯಾಣಿಕನ ಕೈಯಲ್ಲೇ ಇರಬೇಕು.

ತೊಡಕಿರುವುದು ಭರವಸೆಯ ಬುನಾದಿಯಲ್ಲಿ. 2018ರ ಅದೇ ನೀತಿ ದಾಖಲೆ, ಭದ್ರತೆಯ ಅಗತ್ಯ ಬಿದ್ದರೆ ಅಳಿಸುವ ಅವಧಿಯನ್ನು ಬದಲಿಸಲು ಮತ್ತು ಭದ್ರತಾ ಸಂಸ್ಥೆಗಳಿಗೆ ಮಾಹಿತಿ ಕೊಡಲು ಅವಕಾಶ ಇಟ್ಟುಕೊಂಡಿತ್ತು. ಡಿಜಿಟಲ್ ಹಕ್ಕುಗಳ ಸಂಘಟನೆ ಇಂಟರ್ನೆಟ್ ಫ್ರೀಡಂ ಫೌಂಡೇಷನ್ ಇದನ್ನು ಎತ್ತಿ ತೋರಿಸಿತು. ವ್ಯವಸ್ಥೆ ನಡೆಸುವುದು 2019ರಲ್ಲಿ ನೋಂದಾಯಿತವಾದ ಡಿಜಿಯಾತ್ರಾ ಫೌಂಡೇಷನ್. ಅದರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಶೇ 26. ಉಳಿದದ್ದು ಬೆಂಗಳೂರು, ದೆಹಲಿ, ಹೈದರಾಬಾದ್, ಮುಂಬೈ, ಕೊಚ್ಚಿ ನಿಲ್ದಾಣಗಳ ಕಂಪನಿಗಳದ್ದು. ಖಾಸಗಿ ಸಂಸ್ಥೆಯಾದ್ದರಿಂದ ಮಾಹಿತಿ ಹಕ್ಕು ಕಾಯ್ದೆ ಅದಕ್ಕೆ ತಾಗುವುದಿಲ್ಲ ಎಂಬುದು ಸರ್ಕಾರದ ನಿಲುವು. ಮುಖ ಕೊಟ್ಟವನು ಅದು ಎಲ್ಲಿ ಹೋಯಿತು ಎಂದು ಕೇಳಲು ಹೊರಟರೆ, ಅರ್ಜಿ ಹಾಕುವ ಕಚೇರಿಯೇ ಇಲ್ಲದಂತಾಯಿತು.

2024 ಆತಂಕಗಳ ವರ್ಷವಾಯಿತು. ಪ್ರವೇಶದ್ವಾರದಲ್ಲಿ ಸರಿಯಾಗಿ ತಿಳಿಸದೆಯೇ ಮುಖದ ಚಿತ್ರ ತೆಗೆದು ನೋಂದಣಿ ಮಾಡುತ್ತಿದ್ದಾರೆ ಎಂದು ಜನವರಿಯಲ್ಲಿ ಪ್ರಯಾಣಿಕರು ದೂರಿದರು. ವಿಮಾನ ತಪ್ಪುವ ಭಯದಲ್ಲಿ ಕೈಯಲ್ಲಿ ಮಗು, ಹೆಗಲಲ್ಲಿ ಚೀಲ ಹೊತ್ತು ನಿಂತವರು ಕೊಡುವ ‘ಹೂಂ’ ಅನ್ನು ಒಪ್ಪಿಗೆ ಎನ್ನಲಾಗದು. ಕೆಲವೇ ತಿಂಗಳಲ್ಲಿ ಹಳೆಯ ಆ್ಯಪ್ ತೆಗೆದು ಹೊಸದನ್ನು ಹಾಕಿಕೊಳ್ಳಿ ಎಂಬ ಸೂಚನೆ ಬಂತು. ಡಿಸೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆ ಈ ಮಾಹಿತಿ ಬಳಸಲಿದೆ ಎಂಬ ಸುದ್ದಿ ಹರಡಿತು. ಇಲಾಖೆ ಕೂಡಲೇ ನಿರಾಕರಿಸಿತು. ಆದರೂ ಆ ಸುದ್ದಿಯನ್ನು ಜನ ಅಷ್ಟು ಬೇಗ ನಂಬಿದರೆಂಬುದು ಗಮನಿಸಬೇಕಾದ ಸಂಗತಿ.

ಸೋರಿಕೆಯ ಭಯ ಕಲ್ಪನೆಯದಲ್ಲ. 2019ರಲ್ಲಿ ಅಮೆರಿಕದ ಗಡಿ ಸಂರಕ್ಷಣಾ ಇಲಾಖೆಗೆ ಕೆಲಸ ಮಾಡುತ್ತಿದ್ದ ಉಪಗುತ್ತಿಗೆದಾರ ಕಂಪನಿಯೊಂದು ಪ್ರಯಾಣಿಕರ ಚಿತ್ರಗಳನ್ನು ಇಲಾಖೆಗೆ ತಿಳಿಸದೆ ತನ್ನ ಜಾಲಕ್ಕೆ ಸಾಗಿಸಿಕೊಂಡಿತ್ತು. ಕಳ್ಳರು ಅಲ್ಲಿಗೆ ನುಗ್ಗಿದರು. 1,84,000 ಮುಖಚಿತ್ರಗಳು ಅಪಾಯಕ್ಕೆ ಸಿಲುಕಿದವು, ಕೆಲವು ಡಾರ್ಕ್ ವೆಬ್‌ನಲ್ಲಿ ಕಾಣಿಸಿಕೊಂಡವು. ಪಾಸ್‌ವರ್ಡ್ ಕಳೆದರೆ ಬೇರೆಯದು ಇಟ್ಟುಕೊಳ್ಳಬಹುದು. ಮುಖಕ್ಕೆ ಆ ಸೌಲಭ್ಯವಿಲ್ಲ. ಅದೇ ವರ್ಷ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 189 ಅಲ್ಗಾರಿದಮ್‌ಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಹಲವು ಏಷ್ಯಾ ಮತ್ತು ಆಫ್ರಿಕಾ ಮೂಲದವರ ಮುಖಗಳನ್ನು ಬೇರೆಯವರದೆಂದು ತಪ್ಪಾಗಿ ಗುರುತಿಸುವುದು ಹೆಚ್ಚು ಎಂದು ಕಂಡುಕೊಂಡಿತು.

ಭಾರತದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಾಯ್ದೆಯ 17ನೇ ಸೆಕ್ಷನ್, ದೇಶದ ಭದ್ರತೆಯಂಥ ಕಾರಣ ಕೊಟ್ಟು ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರಕ್ಕೇ ಕೊಟ್ಟಿದೆ. ವಿಮಾನ ನಿಲ್ದಾಣದಲ್ಲಿ ಎಲ್ಲವೂ ಭದ್ರತೆಯ ಹೆಸರಲ್ಲೇ ನಡೆಯುವುದರಿಂದ, 24 ಗಂಟೆಯ ಮಾತು ಕಾನೂನಿನೊಳಗೆ ಬರೆಯಲ್ಪಡುವುದು ಇನ್ನಷ್ಟು ಜರೂರು.

ಡಿಜಿಯಾತ್ರಾ ಕಡ್ಡಾಯವಲ್ಲ. ಟಿಕೆಟ್, ಗುರುತಿನ ಚೀಟಿ ತೋರಿಸಿ ಒಳಹೋಗುವ ಹಳೆಯ ಬಾಗಿಲು ಈಗಲೂ ತೆರೆದಿದೆ. ಬೇಡವೆಂದವರ ಪ್ರಯಾಣಕ್ಕೆ ಅಡ್ಡಿಯಿಲ್ಲ. ಅಮೆರಿಕದ ತಪಾಸಣಾ ಕೌಂಟರುಗಳಲ್ಲಿ, ಚಿತ್ರ ಬೇಡವಾದರೆ ಹೇಳಿ ಎಂದು ಫಲಕ ಹಾಕುತ್ತಾರೆ. ಬೆಂಗಳೂರಿನ ಪ್ರತಿ ಇ-ಗೇಟಿನ ಪಕ್ಕದಲ್ಲೂ ಅಂಥದೊಂದು ಫಲಕ, ದೂರದಿಂದಲೇ ಓದಲಾಗುವಷ್ಟು ದೊಡ್ಡ ಕನ್ನಡ ಅಕ್ಷರಗಳಲ್ಲಿ ಇರಬೇಕು. ಕ್ಯಾಮೆರಾ ಇಲ್ಲದ ಸಾಲಿಗೂ ಸಾಕಷ್ಟು ಸಿಬ್ಬಂದಿಯನ್ನು ಉಳಿಸಬೇಕು.