ಜೌಗುನೆಲದ ಒಂದು ವಿರಳ ಚಿಟ್ಟೆ: ಅದನ್ನು ಗುರುತಿಸುವ ಬಗೆ

ಜೀವಿಯೊಂದರ ಪ್ರಭೇದವನ್ನು ನಿರ್ಣಯಿಸುವಾಗ ಒಂದೇ ಲಕ್ಷಣವನ್ನು ನೆಚ್ಚುವುದು ಸರಿಯಲ್ಲ. ಈ ಮಾತಿಗೆ ಉತ್ತರ ಅಮೆರಿಕದ ಈಶಾನ್ಯ ಭಾಗದ ‘ಬಾಗ್ ಎಲ್ಫಿನ್’ ಚಿಟ್ಟೆ ಉತ್ತಮ ನಿದರ್ಶನ. ನಮ್ಮ ಹುಲ್ಲುಗಾವಲುಗಳ ಪುಟ್ಟ ನೀಲಿ ಚಿಟ್ಟೆಗಳಂತೆ ಇದೂ ಲೈಸೀನಿಡೀ ಕುಟುಂಬಕ್ಕೆ ಸೇರಿದುದು. ಕೆನಡಾದ ಕ್ವಿಬೆಕ್ ಪ್ರಾಂತದ ಲಾನೊರೇ ಎಂಬಲ್ಲಿ ದೊರೆತ ಮಾದರಿಗಳ ಆಧಾರದಿಂದ 1934ರಲ್ಲಿ ಶೆಪರ್ಡ್ ಎಂಬವರು ಇದನ್ನು ಮೊದಲು ವರ್ಣಿಸಿದರು. ಊರಿನ ಹೆಸರೇ ಪ್ರಭೇದನಾಮವಾಗಿ, ಈಗ ಇದು ಕ್ಯಾಲೊಫ್ರಿಸ್ ಲಾನೊರೇಯೆನ್ಸಿಸ್ ಎನಿಸಿಕೊಂಡಿದೆ.

ಸ್ಫ್ಯಾಗ್ನಮ್ ಹಾವಸೆಯ ಅವಶೇಷಗಳು ಪೂರ್ಣವಾಗಿ ಕೊಳೆಯದೆ ಪದರಪದರವಾಗಿ ಸಂಚಯಗೊಂಡ, ಆಮ್ಲಯುತವೂ ನಿಸ್ಸಾರವೂ ಆದ ಬಯಲು ಜೌಗುನೆಲವೇ ಇದರ ನೆಲೆ. ಅಲ್ಲಿ ಗಿಡ್ಡಾಗಿ ಬೆಳೆಯುವ ಕರಿ ಸ್ಪ್ರೂಸ್ ಮರದ ಸೂಜಿಯಂಥ ಎಲೆಗಳು ಕಂಬಳಿಹುಳುವಿನ ಆಹಾರ. ಚಳಿಗಾಲವನ್ನು ಕೋಶಾವಸ್ಥೆಯಲ್ಲಿ ಕಳೆದು, ಚಿಟ್ಟೆಯು ವಸಂತದಲ್ಲಿ, ಸುಮಾರಾಗಿ ಮೇ ನಡುವಿನಿಂದ ಜೂನ್ ಮೊದಲ ಭಾಗದವರೆಗೆ, ಹಾರುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ಅದರಲ್ಲಿಯೂ ಬಹುಕಾಲ ಮರದ ಮೇಲೆಯೇ ಇರುವುದರಿಂದ ಕಣ್ಣಿಗೆ ಬೀಳುವುದು ಅಪರೂಪ.

ಕುಳಿತಾಗ ಇದು ರೆಕ್ಕೆಗಳನ್ನು ಮುಚ್ಚಿಕೊಂಡಿರುತ್ತದೆ. ಆದ್ದರಿಂದ ರೆಕ್ಕೆಯ ಕೆಳಮೈಯನ್ನೇ ಪರೀಕ್ಷಿಸಬೇಕು. ಅದೇ ಕಾಲದಲ್ಲಿ ಹಾರುವ ಎರಡು ಸಂಬಂಧಿಗಳಿಂದ ಇದನ್ನು ಬೇರ್ಪಡಿಸುವುದು ಅವಶ್ಯ. ಬ್ರೌನ್ ಎಲ್ಫಿನ್ ಚಿಟ್ಟೆಯ ಹಿಂದಿನ ರೆಕ್ಕೆಯು ಬುಡದ ಕಡೆ ಕಡುಕಂದು, ಹೊರಗಡೆ ಕೆಂಗಂದು. ಪಟ್ಟೆಗಳ ಜಟಿಲ ವಿನ್ಯಾಸವಾಗಲಿ ಬೂದುಛಾಯೆಯಾಗಲಿ ಅದಕ್ಕಿಲ್ಲ. ಪೈನ್ ಎಲ್ಫಿನ್ ಚಿಟ್ಟೆಯಲ್ಲಿ ಅಂಕುಡೊಂಕಾದ ಕಪ್ಪು ಪಟ್ಟೆಗಳೂ ಬಿಳಿಯ ಗೆರೆಗಳೂ ಎದ್ದುಕಾಣುತ್ತವೆ. ಬಾಗ್ ಎಲ್ಫಿನ್ ಚಿಟ್ಟೆಯ ವಿನ್ಯಾಸವು ಇದನ್ನೇ ಹೋಲಿದರೂ ಮಸುಕಾದುದು; ಹಿಂದಿನ ರೆಕ್ಕೆಯ ಹೊರ ಅಂಚಿನಲ್ಲಿ ಇಬ್ಬನಿ ಕವಿದಂತೆ ಬೂದುಬಣ್ಣವಿರುತ್ತದೆ. ಹರಡಿದ ರೆಕ್ಕೆಗಳ ಅಳತೆ ಸುಮಾರು 2 ಸೆಂಟಿಮೀಟರು ಮಾತ್ರ; ಪೈನ್ ಎಲ್ಫಿನ್ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಜೌಗಿನ ಅಂಚಿನಲ್ಲಿ ಪೈನ್ ಮರಗಳಿದ್ದರೆ ಪೈನ್ ಎಲ್ಫಿನ್ ಚಿಟ್ಟೆಯೂ ಅಲ್ಲಿಗೆ ಬರಬಹುದು. ನೆಲೆಯೊಂದರಿಂದಲೇ ಹೆಸರು ನಿರ್ಧಾರವಾಗದು. ಹಾರಾಟದ ಕೊನೆಯ ದಿನಗಳಲ್ಲಿ ಹುರುಪೆಗಳು ಉದುರಿ ಪೈನ್ ಎಲ್ಫಿನ್ ಚಿಟ್ಟೆಯ ಪಟ್ಟೆಗಳೂ ಮಸುಕಾಗುತ್ತವೆ, ಬಣ್ಣವೊಂದೇ ಸಾಲದು. ಗಾತ್ರ, ವಿನ್ಯಾಸ, ಆಹಾರಸಸ್ಯ, ಕಾಲ ಇವೆಲ್ಲವೂ ಒಂದಕ್ಕೊಂದು ಹೊಂದಿದಾಗಲೇ ನಿರ್ಣಯ ವಿಶ್ವಾಸಾರ್ಹ.

ಈ ಸೂಕ್ಷ್ಮತೆ ನಿರರ್ಥಕವಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಈ ಚಿಟ್ಟೆ ಮೊದಲಿಗೆ ಪತ್ತೆಯಾದದ್ದು 2023ರಲ್ಲಿ, ಹಲವು ವರ್ಷಗಳ ಹುಡುಕಾಟದ ತರುವಾಯ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಜೌಗಿನ ನೀರನ್ನು ಬಸಿದು ಬರಿದುಮಾಡಿದರೆ ಸಾವಿರಾರು ವರ್ಷಗಳಲ್ಲಿ ರೂಪುಗೊಂಡ ನೆಲೆಯೇ ಅಳಿಯುತ್ತದೆ. ಅಲ್ಲಿ ಏನಿತ್ತೆಂಬುದನ್ನು ಅನಂತರ ಅರಿಯುವ ಮಾರ್ಗವಿರದು.