ಕಾನು, ಕಡಲು ಮತ್ತು ನಮ್ಮ ಮನೆಯ ಜಗಲಿ

ಕಳೆದ ವಾರ್ಷಿಕ ಮಹಾಸಭೆಯ ಕೊನೆಯಲ್ಲಿ, ಇನ್ನೇನು ಊಟಕ್ಕೆ ಎಲೆ ಹಾಕಬೇಕು ಎನ್ನುವ ಹೊತ್ತಿಗೆ, ಸದಸ್ಯರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ ಹಲವರಿಗೆ ನೆನಪಿರಬಹುದು. "ಹಳದಿ ಎಲೆ ರೋಗ ಬಂದು ನನ್ನ ಎರಡು ಎಕರೆ ತೋಟದಲ್ಲಿ ಈಗ ಉಳಿದಿರುವುದು ಬರೀ ಕಂಬಗಳು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಮನೆಯಲ್ಲಿ ಎರಡು ಕೋಣೆ ಖಾಲಿ ಬಿದ್ದಿವೆ. ಹೋಂಸ್ಟೇ ಮಾಡಲು ಸಂಘದಿಂದ ಸಾಲ ಕೊಡುತ್ತೀರೋ ಇಲ್ಲವೋ ಹೇಳಿ." ನಾನು "ಪರಿಶೀಲಿಸಲಾಗುವುದು" ಎಂಬ ಕಾರ್ಯದರ್ಶಿಗಳ ಎಂದಿನ ಉತ್ತರ ಕೊಟ್ಟು ಕುಳಿತೆ. ಆ ಉತ್ತರದಿಂದ ಅವರಿಗಿರಲಿ, ನನಗೇ ಸಮಾಧಾನವಾಗಲಿಲ್ಲ.

ಪರಿಶೀಲಿಸುವುದೆಂದರೆ ಕಡತ ತಿರುವಿಹಾಕುವುದಲ್ಲ, ಕಣ್ಣಾರೆ ನೋಡಿ ಬರುವುದು ಎಂದುಕೊಂಡೆ. ಅಕ್ಟೋಬರಿನಲ್ಲಿ, ಎರಡನೇ ಸಲದ ಬೋರ್ಡೊ ಸಿಂಪಡಣೆ ಮುಗಿದು, ಕೊನೆಗಾರರು ಬರಲು ಇನ್ನೂ ಹದಿನೈದು ದಿನವಿರುವಾಗ ಮನೆಯವಳೊಂದಿಗೆ ಮೂರು ದಿನದ ಪ್ರವಾಸ ಹೊರಟೆ. ಖರ್ಚು ಸಂಘದ್ದಲ್ಲ, ನನ್ನದೇ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು! ಕೊಪ್ಪದಿಂದ ತೀರ್ಥಹಳ್ಳಿ, ಹೊಸನಗರ, ಸಾಗರದ ಮೇಲೆ ಜೋಗ. ಅಲ್ಲಿಂದ ಶರಾವತಿಯ ಕಣಿವೆ ಇಳಿದು ಹೊನ್ನಾವರ. ಕೊನೆಗೆ ಕುಮಟೆಯ ಅಘನಾಶಿನಿ. ಕಾಡು, ಕಡಲು, ಹಳ್ಳಿ ಮೂರೂ ಇಷ್ಟು ಹತ್ತಿರದಲ್ಲಿ ಸಿಗುವ ಸೀಮೆ ನಮ್ಮ ರಾಜ್ಯದಲ್ಲಿ ಇನ್ನೊಂದು ಇದೆಯೆಂದು ನನಗೆ ತೋರುವುದಿಲ್ಲ.

ಮೊದಲ ರಾತ್ರಿ ತಂಗಿದ್ದು ಸಿದ್ದಾಪುರ ತಾಲ್ಲೂಕಿನ ಒಂದು ಅಡಿಕೆ ಬೆಳೆಗಾರರ ಮನೆಯಲ್ಲಿ. ಅತಿಥಿಗಳಿಗೆಂದು ಹೊಸ ಕಟ್ಟಡವೇನೂ ಇಲ್ಲ. ಹಳೆಯ ಮನೆಯ ಮೂರು ಕೋಣೆಗಳಿಗೆ ಶೌಚಾಲಯ ಸೇರಿಸಿದ್ದಾರೆ, ಅಷ್ಟೆ. ಬಚ್ಚಲಿನಲ್ಲಿ ಹಂಡೆಯ ಬಿಸಿನೀರು, ಊಟಕ್ಕೆ ಅಪ್ಪೆಹುಳಿ, ತಂಬುಳಿ, ಜೊತೆಗೆ ತೊಡೆದೇವು. ಅಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟದ ಕೆಲಸ ನಡೆದಿತ್ತು. ಪೇಟೆಯಿಂದ ಬಂದಿದ್ದ ಒಂದು ಕುಟುಂಬದ ಮಕ್ಕಳು ಹಾಳೆಯ ಮೇಲೆ ಕುಳಿತು ಒಬ್ಬರನ್ನೊಬ್ಬರು ಎಳೆದಾಡುತ್ತ ಸಂಜೆಯೆಲ್ಲ ಕಳೆದರು. ಅವರಿಗೆ ಬೇಕಾಗಿದ್ದದ್ದು ಅದೇ ಎಂದು ನನಗೆ ಆಗ ಅರಿವಾಯಿತು. ನಮಗೆ ದಿನನಿತ್ಯದ್ದಾಗಿರುವುದೇ ಅವರಿಗೆ ವಿಶೇಷ.

ಜಗಲಿಯಲ್ಲಿ ಕವಳ ಹಾಕುತ್ತ ಆ ಮನೆಯ ಯಜಮಾನರು ಮುಚ್ಚುಮರೆಯಿಲ್ಲದೆ ಮಾತಾಡಿದರು. "ಸೆಕ್ರೆಟರಿಯವರೇ, ಅತಿಥಿಗಳ ದುಡ್ಡು ಚೈತ್ರದ ಮಳೆ ಇದ್ದ ಹಾಗೆ. ಬಂದರೆ ಸಂತೋಷ, ಅದನ್ನೇ ನಂಬಿಕೊಂಡು ತೋಟ ಒಣಗಿಸಬಾರದು. 2020ರಲ್ಲಿ ಕೊರೋನಾ ಬಂದು ತಿಂಗಳುಗಟ್ಟಲೆ ಒಬ್ಬರೂ ಬರಲಿಲ್ಲ. ಮಂಗನಕಾಯಿಲೆಯ ಸುದ್ದಿ ಹಬ್ಬಿದರೂ ಅಷ್ಟೇ, ಕೋಣೆ ಖಾಲಿ." ಒಳಗಿನಿಂದ ಅವರ ಪತ್ನಿ ನನ್ನ ಮನೆಯವಳಿಗೆ ಹೇಳಿದ ಮಾತು ಇನ್ನೂ ತೂಕದ್ದು: "ಅಕ್ಕಾ, ಲೆಕ್ಕದ ಪುಸ್ತಕದಲ್ಲಿ ಅಕ್ಕಿ, ತೆಂಗಿನಕಾಯಿ, ಕರೆಂಟು ಎಲ್ಲ ಇದೆ. ನಾನು ಮತ್ತು ಸೊಸೆ ನಿಂತು ಮಾಡಿದ ಅಡಿಗೆಗೆ ಮಾತ್ರ ಒಂದು ಕಾಲಮ್ಮೂ ಇಲ್ಲ." ಸಾಲದ ಅರ್ಜಿಯಲ್ಲಿ ಯಜಮಾನರ ರುಜುವಿನ ಜೊತೆಗೆ ಮನೆಯ ಹೆಂಗಸರ ರುಜುವೂ ಇರಬೇಕೆಂದು ನಾನು ಅಲ್ಲಿಯೇ ತೀರ್ಮಾನಿಸಿದೆ.

ಮರುದಿನ ಕತ್ತಲೆಕಾನು. ಜೋಗ–ಹೊನ್ನಾವರ ಹೆದ್ದಾರಿಯ ಪಕ್ಕದಲ್ಲಿಯೇ ಇರುವ ಈ ಕಾನು ಹೆಸರಿಗೆ ತಕ್ಕಂತೆ ಹಗಲೂ ಮಬ್ಬು. ಇಲ್ಲಿನ ವಿಶೇಷವೆಂದರೆ ರಾಮಪತ್ರೆಯ ಬಳಗದ ಮರಗಳು ಬೆಳೆದ ಜೌಗು. ಸದಾ ನೀರು ನಿಂತ ಕೆಸರಿನಲ್ಲಿ ಉಸಿರಾಡಲೆಂದು ಇವುಗಳ ಬೇರು ಮಂಡಿ ಮಡಿಸಿದಂತೆ ನೆಲದ ಮೇಲೆದ್ದು ಮತ್ತೆ ಒಳಗಿಳಿಯುತ್ತದೆ. ಪಶ್ಚಿಮ ಘಟ್ಟದಲ್ಲಿ ಇಂಥ ಜೌಗುಗಳು ಉಳಿದಿರುವುದೇ ಅಲ್ಲಲ್ಲಿ ತುಂಡುತುಂಡಾಗಿ. ಇಂಥ ಕಾನು ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಕೆಳಗಿನ ಹಳ್ಳಕ್ಕೆ ಬಿಡುತ್ತದೆ. ಕೆಳಗಿನವರ ಅಡಿಕೆ ತೋಟ ಏಪ್ರಿಲಿನಲ್ಲಿ ಹಸಿರಾಗಿರುವುದು ಈ ನೀರಿನಿಂದಲೇ. ಸಿಂಗಳೀಕಗಳ ಕೂಗು ಕೇಳಿಸಿತು, ಕಣ್ಣಿಗೆ ಬೀಳಲಿಲ್ಲ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡಬಾರದಾದ್ದರಿಂದ ನಾವು ರಸ್ತೆಯ ಅಂಚಿನಿಂದಲೇ ನೋಡಿ ತೃಪ್ತರಾದೆವು. ಇಂಬಳಗಳೇನೋ ಅನುಮತಿ ಕೇಳದೆ ನಮ್ಮ ಕಾಲಿಗೆ ಹತ್ತಿದವು.

ಈ ಜಿಲ್ಲೆಯವರು ಕಾಡಿನ ಬೆಲೆಯನ್ನು ಪುಸ್ತಕದಿಂದ ಕಲಿತವರಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಡಿಯಲು ಗುರುತು ಮಾಡಿದ್ದ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದರು. ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ, ಕಾನಿಲ್ಲದೆ ನೀರಿಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಇಂದು ಪೇಟೆಯ ಜನ ದುಡ್ಡು ಕೊಟ್ಟು ನೋಡಬರುವುದು ಅಂದು ಉಳಿಸಿಕೊಂಡ ಆ ಹಸಿರನ್ನೇ.

ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿಯನ್ನು ನೋಡಿದೆವು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿ ಆಳಿದ ಊರು ಇದು. ನಮ್ಮ ಸಂಘದ ಗೋದಾಮಿನಲ್ಲಿ ಮೆಣಸಿನ ಮೂಟೆ ತೂಗುವವರು ಒಮ್ಮೆಯಾದರೂ ಇಲ್ಲಿಗೆ ಬಂದು ಕೈಮುಗಿಯಬೇಕು.

ಮಧ್ಯಾಹ್ನ ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ ತಲುಪಿದೆವು. 2020ರ ಅಕ್ಟೋಬರಿನಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿಯೊಂದಿಗೆ ಇದಕ್ಕೂ ನೀಲಿ ಬಾವುಟದ ಮಾನ್ಯತೆ ದೊರೆಯಿತು. ಡೆನ್ಮಾರ್ಕಿನಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ಸಂಸ್ಥೆಯೊಂದು ನೀರಿನ ಶುದ್ಧಿ, ಕಸದ ವಿಲೇವಾರಿ, ಸುರಕ್ಷತೆ ಮುಂತಾದ 33 ಮಾನದಂಡಗಳನ್ನು ನೋಡಿ ಈ ಮಾನ್ಯತೆ ಕೊಡುತ್ತದೆ. ಸಮೀಪದಲ್ಲಿಯೇ ಶರಾವತಿಯ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಹಲಗೆಯ ಕಾಲುದಾರಿ ಹಾಕಿದ್ದಾರೆ. ಕೆಸರನ್ನು ತುಳಿಯದೆ ಅದನ್ನು ನೋಡುವ ಏರ್ಪಾಡು.

ಎಲ್ಲವೂ ಹೀಗೆಯೇ ಇದೆಯೆಂದು ಹೇಳಲಾರೆ. ಆ ರಾತ್ರಿ ನಾವು ತಂಗಿದ್ದ ಕರಾವಳಿಯ ಒಂದು ವಸತಿಗೃಹದಲ್ಲಿ ಬೆಳಿಗ್ಗೆ ಹಿಂಬದಿಗೆ ಹೋಗಿ ನೋಡಿದರೆ ಬಚ್ಚಲ ನೀರು ನೇರವಾಗಿ ಮರಳಿಗೆ ಹರಿಯುತ್ತಿತ್ತು, ಬಾಟಲಿಗಳ ರಾಶಿ ತೆಂಗಿನ ಬುಡದಲ್ಲಿತ್ತು. ಮುಂಬಾಗಿಲಿನಲ್ಲಿ ಮಾತ್ರ "ಪರಿಸರಸ್ನೇಹಿ" ಎಂಬ ಬೋರ್ಡು. ಹಿಂಬದಿಯನ್ನು ನೋಡದೆ ಮುಂಬಾಗಿಲಿನ ಬೋರ್ಡನ್ನು ನಂಬಬಾರದೆಂಬ ಪಾಠ ಅಲ್ಲಿ ಸಿಕ್ಕಿತು.

ಮೂರನೆಯ ದಿನ ಅಘನಾಶಿನಿ. ಶಿರಸಿಯ ಬಳಿ ಹುಟ್ಟಿ ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಸಮುದ್ರ ಸೇರುವ ಹೊಳೆ. ಇದರ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಗಂಡಸರೂ ಹೆಂಗಸರೂ ನೀರಿಗಿಳಿದು ಬಳಚು ಆಯುತ್ತಾರೆ. ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮಳೆ ಉಪ್ಪನ್ನು ತೊಳೆದ ನಾಲ್ಕು ತಿಂಗಳಲ್ಲಿ ಬೆಳೆದು ಬರುವ ಬೆಳೆ. ತದಡಿಯಿಂದ ದೋಣಿಯಲ್ಲಿ ದಾಟುವಾಗ ಜೊತೆಗಿದ್ದ ಒಬ್ಬ ಹಿರಿಯ ಮೀನುಗಾರರು, "ಹೊಳೆ ಮೇಲಿಂದ ಚೊಕ್ಕ ಬಂದರೆ ನಮಗೆ ಅನ್ನ" ಎಂದರು. ಮೇಲಿನ ತೋಟಿಗ ಹಳ್ಳಕ್ಕೆ ಬಿಟ್ಟದ್ದು ಕೆಳಗಿನವನ ಬಲೆಗೆ ಬರುತ್ತದೆ. ಕಾಫಿ ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡುವ ನಮ್ಮಲ್ಲಿ ಕೆಲವರು ಇದನ್ನು ಗಮನಿಸಬೇಕು.

ಇನ್ನು ನಮ್ಮ ಸದಸ್ಯರ ಪ್ರಶ್ನೆಗೆ ಬರೋಣ. ಮೊದಲು ನೀರಿನ ಲೆಕ್ಕ. ನಗರವಾಸಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರದ ಅಳತೆ. ಹಳ್ಳಿಯವರಿಗೆ 55 ಲೀಟರ್. ನಗರದ ಹತ್ತು ಅತಿಥಿಗಳು ಬಂದರೆ 1,350 ಲೀಟರ್. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ಹತ್ತು ಅತಿಥಿಗಳು ಸುಮಾರು 70 ಮರಗಳ ನೀರು ಕುಡಿದಂತೆ. ಅತಿಥಿಗಳು ಹೆಚ್ಚಾಗಿ ಬರುವುದು ಏಪ್ರಿಲ್–ಮೇ ರಜೆಯಲ್ಲಿ, ನಮ್ಮ ಕೆರೆ ಬತ್ತುವುದೂ ಆಗಲೇ. ಒಂದೇ ಹಳ್ಳದ ಮೇಲೆ ಆರು ಮನೆಯವರು ಹೋಂಸ್ಟೇ ಮಾಡಿದರೆ ಏಳನೆಯವನ ತೋಟದ ಗತಿಯೇನು?

ಎರಡನೆಯದು ಗುಡ್ಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದದ್ದನ್ನು ಎಲ್ಲರೂ ಬಲ್ಲರು. ನೋಟ ಚೆನ್ನಾಗಿದೆಯೆಂದು ಇಳಿಜಾರನ್ನು ಜೆಸಿಬಿಯಿಂದ ಕಡಿದು ಕಾಟೇಜು ಕಟ್ಟುವುದು ಅತಿಥಿಗೂ ಅಪಾಯ, ನಮಗೂ ಅಪಾಯ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನಾನು ಇಡಲಿರುವ ಸಲಹೆಗಳು ಇವು:

1. ಇರುವ ಮನೆಯ ಕೋಣೆಗಳಿಗೆ ಶೌಚಾಲಯ, ಸೆಪ್ಟಿಕ್ ಟ್ಯಾಂಕು, ಮಳೆನೀರು ಸಂಗ್ರಹ ಇವುಗಳಿಗೆ ಸಾಲ ಕೊಡುವುದು. ಗುಡ್ಡ ಕಡಿದು ಕಟ್ಟುವ ಹೊಸ ಕಟ್ಟಡಕ್ಕೆ ಕೊಡಬಾರದು.

2. ಸಾಲಗಾರರು ಆ ಮನೆಯಲ್ಲಿಯೇ ವಾಸವಿರಬೇಕು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಮಾಹಿತಿ ಸಲ್ಲಿಸುವ ನಿಯಮವನ್ನು ಮರೆಯಬಾರದು.

3. ಒಂದು ಹಳ್ಳದ ಮೇಲೆ ಎಷ್ಟು ಮನೆ, ಎಷ್ಟು ಅತಿಥಿ ಎಂಬುದನ್ನು ಆ ಹಳ್ಳದ ನೀರು ಬಳಸುವವರೆಲ್ಲ ಕೂತು ನಿರ್ಧರಿಸಬೇಕು.

4. ಡಿಸೆಂಬರಿನಿಂದ ಮೇವರೆಗೆ ಮಂಗನಕಾಯಿಲೆಯ ಕಾಲ. ಉಣುಗು ಇರುವ ಕಾಡಿಗೆ ಅತಿಥಿಗಳನ್ನು ಕರೆದೊಯ್ಯಬಾರದು.

5. ಮಂಜೂರಾತಿಗೆ ಮುನ್ನ ಮನೆಯ ಹೆಂಗಸರ ಒಪ್ಪಿಗೆ ಲಿಖಿತವಾಗಿ ಇರಬೇಕು.

ಪ್ರಶ್ನೆ ಕೇಳಿದ ಸದಸ್ಯರಿಗೆ ನನ್ನ ಉತ್ತರ ಇಷ್ಟು: ಎರಡು ಕೋಣೆಗೆ ಸಾಲ ಕೊಡಬಹುದೆಂಬುದು ನನ್ನ ಅಭಿಪ್ರಾಯ. ಆದರೆ ಸತ್ತ ಮರಗಳ ಜಾಗವನ್ನು ಹಾಗೆಯೇ ಬಿಡಬೇಡಿ. ಕಾಫಿ, ಮೆಣಸು, ಜಾಯಿಕಾಯಿ ಯಾವುದಾದರೂ ನೆಡಿ. ಬೆಳೆಗಾರನ ಮನೆಯನ್ನು ನೋಡಲು ಬರುವ ಅತಿಥಿಗೆ ಬೆಳೆಯೇ ಇಲ್ಲದಿದ್ದರೆ ತೋರಿಸುವುದೇನನ್ನು?

ಸದಸ್ಯ ಬಂಧುಗಳು ಈ ಬಗ್ಗೆ ತಮ್ಮ ಅನಿಸಿಕೆಗಳನ್ನು ಮುಂದಿನ ಆಡಳಿತ ಮಂಡಳಿ ಸಭೆಗೆ ಮುನ್ನ ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ. ವಿರೋಧವಿದ್ದರೂ ಬರೆಯಿರಿ. ಈ ಸಲ "ಪರಿಶೀಲಿಸಲಾಗುವುದು" ಎನ್ನುವುದಿಲ್ಲ, ಪರಿಶೀಲಿಸಿಯೇ ಬಂದಿದ್ದೇನೆ.